ಅಚ್ಚುಮೊಳೆಯೂ ತೆರೆಯ ಅಕ್ಷರವೂ

ಉಡುಗೆಯನ್ನು ನೋಡಿ ಮನುಷ್ಯನ ಗುಣವನ್ನು ಅಳೆಯಬಾರದೆಂದು ಹಿರಿಯರು ಹೇಳುವುದುಂಟು. ಆದರೆ ಮಾತಿಗೆ ಅಕ್ಷರವೇ ಉಡುಗೆ. ಅದು ಹರಿದಿದ್ದರೆ ಅರ್ಥವೂ ಕೆಡುವುದು. ಯಾವ ಅಕ್ಷರವಿನ್ಯಾಸವನ್ನು ಆರಿಸಿಕೊಳ್ಳಬೇಕೆಂಬುದು ಹಿಂದೆ ಮುದ್ರಕನೊಬ್ಬನ ಚಿಂತೆಯಾಗಿದ್ದಿತು. ಗಣಕಯಂತ್ರವೂ ಮೊಬೈಲೂ ಮನೆಮನೆಗೆ ಬಂದ ಮೇಲೆ ಅದು ಎಲ್ಲರ ಚಿಂತೆಯಾಗಿದೆ. ಈ ವಿಷಯದಲ್ಲಿ ನನ್ನ ರುಚಿಯೇನೆಂಬುದನ್ನು ವಾಚಕರ ಮುಂದಿಡುತ್ತೇನೆ.

ನಮ್ಮ ವಳಕಮದಿನ್ನಿಯ ಸೀಮೆಗೆ ಅಕ್ಷರವು ಹೊಸದಲ್ಲ. ಮಸ್ಕಿಯ ಬಂಡೆಯ ಮೇಲಿನ ಬ್ರಾಹ್ಮೀಲಿಪಿಯ ಶಾಸನವು 1915ರಲ್ಲಿ ಬೆಳಕಿಗೆ ಬಂದು, ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದನ್ನು ಸ್ಥಿರಪಡಿಸಿತು. ಆ ಲಿಪಿಯೇ ಶತಮಾನಗಳ ಕಾಲ ಕೈಯಿಂದ ಕೈಗೆ ಉರುಳಿ ನಮ್ಮ ದುಂಡಕ್ಷರವಾಯಿತು. ಅಚ್ಚು ಬಂದುದಾದರೋ ತೀರ ಈಚೆಗೆ. 1817ರಲ್ಲಿ ಸೆರಾಂಪುರದಲ್ಲಿ ಕೇರಿಯವರ ಕನ್ನಡ ವ್ಯಾಕರಣವು ಮುದ್ರಿತವಾಯಿತು, 1843ರಲ್ಲಿ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಹೊರಟಿತು, 1894ರಲ್ಲಿ ಕಿಟ್ಟೆಲರ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಪ್ರಕಟವಾಯಿತು.

ಪಾಠಶಾಲೆಯಲ್ಲಿ ಸಂಸ್ಕೃತ ಕಲಿತ ನಾನು ಯಾವ ಅಕ್ಷರವನ್ನಾದರೂ ಮೊದಲು ಮಹಾಪ್ರಾಣದಿಂದ ಪರೀಕ್ಷಿಸುತ್ತೇನೆ. ದಕಾರದ ಬುಡದಲ್ಲಿ ಒಂದು ಸಣ್ಣ ಸೀಳನ್ನಿಟ್ಟರೆ ಧಕಾರ. ಆ ಸೀಳು ಕೂಡಿಹೋದರೆ ‘ಧನ’ವು ‘ದನ’ವಾಗುವುದು, ‘ಫಲ’ವು ತೂಕದ ‘ಪಲ’ವಾಗುವುದು. ಹೋದ ವರ್ಷ ನನ್ನ ಮೊಮ್ಮಗಳು ಮೊಬೈಲಿನಲ್ಲಿ ಬಂದ ನೀತಿಮಾತೊಂದನ್ನು ಓದುತ್ತ “ವಿದ್ಯೆಯೇ ದೊಡ್ಡ ದನ” ಎಂದಳು. ಮನೆಯವರೆಲ್ಲ ನಕ್ಕರು. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಅಲ್ಲಿ ಸೀಳೇ ಕಾಣುತ್ತಿರಲಿಲ್ಲ. ಮಗುವು ಕಂಡುದನ್ನೇ ಓದಿತ್ತು. ನಮ್ಮ ಕಡೆಯ ಆಡುಮಾತಿನಲ್ಲಿ ಮಹಾಪ್ರಾಣವು ಸಡಿಲವಷ್ಟೆ. ಆದುದರಿಂದ ಕಿವಿ ಕಲಿಸದುದನ್ನು ಕಣ್ಣೇ ಕಲಿಸಬೇಕು. ಕಣ್ಣಿಗೂ ಅದು ದೊರೆಯದಿದ್ದರೆ ಮುಂದಿನ ತಲೆಮಾರಿಗೆ ಆ ಭೇದವೇ ಉಳಿಯದು.

ಎರಡನೆಯ ಪರೀಕ್ಷೆ ಒತ್ತಕ್ಷರದ್ದು. ‘ಸ್ವಾತಂತ್ರ್ಯ’, ‘ರಾಷ್ಟ್ರ’ ಮೊದಲಾದ ಶಬ್ದಗಳಲ್ಲಿ ಒತ್ತುಗಳು ಸಾಲಿನ ಕೆಳಕ್ಕೆ ಇಳಿಯುವುವು. ಗುಡಿಸು ಮೊದಲಾದ ಚಿಹ್ನೆಗಳು ಮೇಲಕ್ಕೆ ಏರುವುವು. ಇಂಗ್ಲಿಷಿಗೆ ಸಾಕಾದ ಸಾಲಂತರವು ಕನ್ನಡಕ್ಕೆ ಸಾಲದು. ಕಾಗದದ ಉಳಿತಾಯಕ್ಕಾಗಿ ಸಾಲುಗಳನ್ನು ಒತ್ತಿ ಕೂರಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುವುದು.

ಕಾಗದಕ್ಕೂ ತೆರೆಗೂ ಒಂದೇ ಅಕ್ಷರವು ಸಲ್ಲದೆಂಬುದು ನನ್ನ ಮತ. ಕಾಗದದ ಮೇಲೆ ಗೆರೆಯು ದಪ್ಪ ತೆಳುವಾಗಿ ಓಡಿದರೆ ಲೇಖನಿಯ ನಡೆ ಕಾಣುವುದು, ಕಣ್ಣು ದಣಿಯದು. ಅಲ್ಲಿ ನಾನು ನೋಟೋ ಸೆರಿಫ್ ಎಂಬುದನ್ನು ಆರಿಸುವೆನು. ಸಣ್ಣ ತೆರೆಯಲ್ಲಿ ತೆಳುಗೆರೆಯು ಮಾಯವಾಗುವುದರಿಂದ, ಗೆರೆ ಹೆಚ್ಚುಕಡಿಮೆ ಸಮವಾಗಿರುವ ನೋಟೋ ಸ್ಯಾನ್ಸ್ ಲೇಸು. ಇವೆರಡೂ ಯೂನಿಕೋಡನ್ನು ಅನುಸರಿಸಿದುವು. ಅದಕ್ಕೆ ಮೊದಲಿನ ಸಂಕೇತಪದ್ಧತಿಯಲ್ಲಿ ಬರೆದ ಲೇಖನವನ್ನು ಆ ಅಕ್ಷರವಿಲ್ಲದ ಗಣಕಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಗುರುತುಗಳು ಮಾತ್ರ ಕಾಣುವುವು. ಬರೆದುದು ಮೊಮ್ಮಕ್ಕಳಿಗೂ ದೊರೆಯಬೇಕೆನ್ನುವವರು ಇದನ್ನು ಮರೆಯಬಾರದು.

ಲಗ್ನಪತ್ರಿಕೆಗೂ ಅಂಗಡಿಯ ಹಲಗೆಗೂ ಬಳುಕಿನ ಅಕ್ಷರವಿರಲಿ. ಅದು ಹಬ್ಬದ ಉಡುಗೆ. ಪಠ್ಯಪುಸ್ತಕಕ್ಕೆ ಮಾತ್ರ ನಿತ್ಯದ ಉಡುಗೆಯೇ ಒಪ್ಪುವುದು. ಮುದ್ರಕ ಮಹಾಶಯರಲ್ಲಿ ನನ್ನ ಬಿನ್ನಹವಿಷ್ಟೆ: ಯಾವ ಪುಸ್ತಕವನ್ನಾದರೂ ಅಚ್ಚಿಗೆ ಹಾಕುವ ಮೊದಲು ‘ಧನ, ದನ, ಫಲ, ಪಲ, ಸ್ವಾತಂತ್ರ್ಯ’ ಎಂಬ ಐದು ಶಬ್ದಗಳನ್ನು ಅದೇ ಅಳತೆಯಲ್ಲಿ ಅಚ್ಚು ಹಾಕಿ, ಮೂರನೆಯ ಇಯತ್ತೆಯ ಒಂದು ಮಗುವಿನಿಂದಲೂ ಅರವತ್ತು ದಾಟಿದ ಒಬ್ಬರಿಂದಲೂ ಓದಿಸಿರಿ. ಇಬ್ಬರೂ ತಡವರಿಸದೆ ಓದಿದರೆ ಆ ಅಕ್ಷರವನ್ನು ನಿಶ್ಚಿಂತೆಯಿಂದ ಆರಿಸಿಕೊಳ್ಳಬಹುದು.