ಚಾಪೆಯ ಮೇಲೆ ಹರವಿದ ಪುಸ್ತಕಗಳು

ಏಪ್ರಿಲ್ 15, 2025, ಮಂಗಳವಾರ

ನಮ್ಮ ಪಂಚಾಯತಿ ಗ್ರಂಥಾಲಯದಲ್ಲಿ ಇಂದಿನಿಂದ ಮಕ್ಕಳ ಓದು ಶುರುವಾಯಿತು. ಎಸ್ಸೆಸ್ಸೆಲ್ಸಿ ಬರೆದು ಫಲಿತಾಂಶಕ್ಕೆ ಕಾಯುತ್ತಿರುವ ನಾಲ್ವರು ಓದಿ ಹೇಳಲು ಬಂದಿದ್ದರು. ಮೂವರು ಹುಡುಗಿಯರು, ಒಬ್ಬ ಹುಡುಗ. ಕೇಳಲು ಬಂದ ಚಿಕ್ಕವರು ಹನ್ನೊಂದು ಮಂದಿ.

2020ರ ನವೆಂಬರಿನಲ್ಲಿ ಪಂಚಾಯತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾದಾಗ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ನಮ್ಮ ರಿಜಿಸ್ಟರಿನಲ್ಲೂ ಹೆಸರುಗಳು ತುಂಬಿವೆ. ಆದರೆ ಹರಿದುಹೋದಾವೆಂಬ ಭಯಕ್ಕೆ ಚಿತ್ರಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದವಳು ನಾನೇ. ಇವತ್ತು ಎಲ್ಲವನ್ನೂ ತೆಗೆದು ಚಾಪೆಯ ಮೇಲೆ ಹರವಿದೆ.

ಏಪ್ರಿಲ್ 17, ಗುರುವಾರ

ಓದಿನಲ್ಲಿ ಸದಾ ಮುಂದಿರುವ ಹುಡುಗಿ ಎರಡನೇ ತರಗತಿಯ ಪುಟ್ಟಿಯಿಂದ ಓದಿಸುತ್ತಿದ್ದಳು. ಪುಟ್ಟಿ ‘ಕಪ್ಪೆ’ಯನ್ನು ‘ಕಪೆ’ ಎಂದಳು. “ಒತ್ತು ಬಿಟ್ಟೆ, ಇನ್ನೊಂದು ಸಲ ಹೇಳು.” ಮೂರನೇ ಸಲ ತಿದ್ದುವ ಹೊತ್ತಿಗೆ ಪುಟ್ಟಿ ಪುಸ್ತಕ ಮುಚ್ಚಿ ನೀರು ಕುಡಿಯಲು ಎದ್ದು ಹೋದಳು. ಮತ್ತೆ ಬರಲಿಲ್ಲ.

ಇನ್ನೊಂದು ಮೂಲೆಯಲ್ಲಿ ಹುಡುಗ ಓದುತ್ತಿದ್ದ. ಅವನ ಓದು ನಿಧಾನ. ಸಾಲಿನ ಕೆಳಗೆ ಬೆರಳಿಟ್ಟು, ತಡೆತಡೆದು ಹೋಗುತ್ತಾನೆ. ಮೂವರು ಮಕ್ಕಳು ಅವನ ತೊಡೆಗೆ, ಭುಜಕ್ಕೆ ಅಂಟಿಕೊಂಡು ಕೂತಿದ್ದರು. ಅವನು ಒಂದು ಪದದ ಮುಂದೆ ನಿಂತಾಗ ಒಬ್ಬ ಪೋರ ಕೂಗಿದ: “ಅಣ್ಣಾ, ಅದು ಮೊಸಳೆ!” ಇವನು ಬಗ್ಗಿ ನೋಡಿ, “ಹೌದಲ್ಲೋ!” ಎಂದ. ಆ ಪೋರನ ಮುಖ ನೋಡಬೇಕಿತ್ತು.

ಏಪ್ರಿಲ್ 24, ಗುರುವಾರ

ಮಕ್ಕಳು ಹೋದ ಮೇಲೆ ಆ ಹುಡುಗಿ ಕೇಳಿದಳು: “ಮೇಡಂ, ತಪ್ಪು ಓದಿದರೂ ಸುಮ್ಮನಿರಬೇಕಾ?” ತಿದ್ದುವುದಕ್ಕೆ ಶಾಲೆಯಿದೆ, ಇಲ್ಲಿ ಜೊತೆಗೆ ಕೂತು ಓದುವವರು ಬೇಕು ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ನಾನೇ ಓದ್ತೀನಿ, ಅವರು ಕೇಳಲಿ” ಎಂದಳು.

ಐವರೂ ಸೇರಿ ಕೆಲವು ಮಾತು ಗೊತ್ತುಮಾಡಿಕೊಂಡೆವು. ಪುಸ್ತಕ ಆರಿಸುವುದು ಮಗುವೇ. ಹಿಡಿಸದಿದ್ದರೆ ಅರ್ಧಕ್ಕೇ ಬಿಡಬಹುದು. ಕೇಳಿದ್ದನ್ನೇ ಹತ್ತು ಸಲ ಕೇಳಿದರೂ ಬೇಸರಪಡದೆ ಓದಬೇಕು. ಕೊನೆಗೆ ‘ಕಥೆಯ ನೀತಿ ಏನು’ ಎಂದು ಕೇಳಬಾರದು. ಪ್ರಥಮ್ ಬುಕ್ಸ್‌ನ ಪುಸ್ತಕಗಳಲ್ಲಿ ಒಂದರಿಂದ ನಾಲ್ಕರವರೆಗೆ ಓದಿನ ಹಂತ ಅಚ್ಚಾಗಿರುತ್ತದೆ. ಅದು ನಮಗೆ ದಾರಿ ತೋರಲಿ, ಮಗುವಿಗೆ ಬೇಲಿಯಾಗುವುದು ಬೇಡ.

ಏಪ್ರಿಲ್ 26, ಶನಿವಾರ

ಹುಡುಗಿ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ದನಿಯೆತ್ತಿ ಓದಿದಳು. ಇಲಿಗಳು ಬಂದದ್ದೇ ತಡ, ಅಷ್ಟೂ ಮಕ್ಕಳು ಇಲಿಗಳಾಗಿ ಮೇಜಿನಡಿ ನುಗ್ಗಿದರು. ಪುಟ್ಟಿಯೂ ಬಂದಿದ್ದಳು.

ಮೇ 2, ಶುಕ್ರವಾರ

ಫಲಿತಾಂಶ ಬಂತು. ಹುಡುಗಿಯರು ಪಾಸು. ಹುಡುಗನಿಗೆ ಗಣಿತ ಹೋಗಿದೆ. ಸಂಜೆ ಅವನು ಬರಲಿಲ್ಲ. ಅವನ ಜಾಗದ ಸುತ್ತ ಮಕ್ಕಳು ಸುಮ್ಮನೆ ಕೂತಿದ್ದರು.

ಮೇ 7, ಬುಧವಾರ

ಇಂದು ಬಂದ. ನಿನ್ನೆ ಪುಟ್ಟಿ ಕಪ್ಪೆಯ ಪುಸ್ತಕ ಹಿಡಿದು ಅವನ ಮನೆಗೇ ಹೋಗಿದ್ದಳಂತೆ. “ಒಂದು ಪುಟ ಪೂರ್ತಿ ಓದಿದಳು ಮೇಡಂ. ಮಧ್ಯೆ ತಡೆದಳು. ನಾನು ಹೇಳಿಕೊಡಲಿಲ್ಲ, ಕಾದೆ” ಎಂದ. ಕಾಯುವುದು ಇವನಿಗೆ ಚೆನ್ನಾಗಿ ಗೊತ್ತು. ಓದು ಎಲ್ಲಿ ಕಷ್ಟವಾಗುತ್ತದೆಂದು ಬಲ್ಲವನಿಗೆ ಮಗು ಎಲ್ಲಿ ನಿಂತಿತೆಂಬುದು ಬೇಗ ತಿಳಿಯುತ್ತದೆ. ಅಂಕಪಟ್ಟಿಯಲ್ಲಿ ಈ ಗುಣಕ್ಕೆ ಕಾಲಂ ಇಲ್ಲ. ಇರಬೇಕಿತ್ತು.

ಮೇ 27, ಮಂಗಳವಾರ

ನಾಡಿದ್ದು ಶಾಲೆ ತೆರೆಯುತ್ತದೆ. ಹುಡುಗ ಎಸ್ಸೆಸ್ಸೆಲ್ಸಿಯ ಎರಡನೇ ಅವಕಾಶವಾದ ಪರೀಕ್ಷೆ-2 ಬರೆಯುತ್ತಿದ್ದಾನೆ. ಆ ಹುಡುಗಿಯೇ ದಿನವೂ ಅವನಿಗೆ ಲೆಕ್ಕ ಹೇಳಿಕೊಟ್ಟಳು. ಅವಸರ ಮಾಡದೆ ಹೇಳಿಕೊಟ್ಟಳು.

ಪುಸ್ತಕ ಇರುವುದು ಬಳಕೆಗೆ ಎಂಬುದು ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೊದಲನೆಯದು. ಬಾಯಿಪಾಠವಾಗಿದ್ದ ಈ ಮಾತು ನನಗೆ ಅರ್ಥವಾದದ್ದು ಈ ಬೇಸಿಗೆಯಲ್ಲಿ. ಆರು ಪುಸ್ತಕಗಳ ಹಾಳೆ ಹರಿದಿತ್ತು. ಇಂದು ಅಂಟು ಹಚ್ಚಿ ಸರಿಮಾಡಿದೆ. ಹೆಚ್ಚು ಹರಿದಿದ್ದವೇ ಹೆಚ್ಚು ಓದಿಸಿಕೊಂಡವು.

ಜೂನ್‌ನಿಂದ ಪ್ರತಿ ಶನಿವಾರ ಮಧ್ಯಾಹ್ನ ಓದು ಮುಂದುವರಿಯುತ್ತದೆ. ನಾಲ್ವರೂ ಬರುತ್ತೇವೆ ಎಂದಿದ್ದಾರೆ.