ತಪ್ಪು ಸೀಬೆ ಮರದ್ದಾ?

ತುಮಕೂರು ಸೀಮೆಯಲ್ಲಿ ಶೆಟ್ಟಿಹಳ್ಳಿ ಅಂದರೆ "ಯಾವ ಶೆಟ್ಟಿಹಳ್ಳಿ?" ಅಂತ ಕೇಳುತ್ತಾರೆ. ಗುಬ್ಬಿ ಕಡೆಯೂ ಇದೆ, ಕುಣಿಗಲ್ ಕಡೆಯೂ ಇದೆ. ನಾವು ಹೇಳುತ್ತಿರುವುದು ತುಮಕೂರು ನಗರಕ್ಕೆ ಸೇರಿಹೋದ ಶೆಟ್ಟಿಹಳ್ಳಿ. ಅಲ್ಲಿ ನಮ್ಮ ತಂಡದ ಒಬ್ಬಳ ಅಜ್ಜಿಯ ಮನೆ ಇದೆ. ನಮಗೆಲ್ಲ ಅವರು ಅಜ್ಜಿಯೇ. ಹಿತ್ತಲಲ್ಲಿ ಒಂದು ಸೀಬೆ ಮರ, ಬೇಲಿಯಾಚೆ ಪಕ್ಕದ ಮನೆಯವರ ನಾಲ್ಕು ನೀಲಂ ಮಾವಿನ ಮರ.

ಕಳೆದ ಆಷಾಢದಲ್ಲಿ ಪಕ್ಕದ ಮನೆ ದೊಡ್ಡಪ್ಪ ಬೇಲಿ ಹತ್ತಿರ ಬಂದು, "ಅಮ್ಮಾ, ನಿಮ್ಮ ಸೀಬೆಯಿಂದಲೇ ನಮ್ಮ ಮಾವಿಗೆ ಹುಳ ಬೀಳ್ತಿರೋದು. ಮರ ಕಡಿಸಿಬಿಡಿ" ಅಂದರು. ಹುಳ ಇದೆ ಅಂತ ವ್ಯಾಪಾರಿ ಹಣ್ಣು ವಾಪಸ್ ಮಾಡಿದ್ದ, ಅವರ ಸಿಟ್ಟಿಗೆ ಕಾರಣ ಇತ್ತು. ಅಜ್ಜಿ ಏನೂ ಮಾತಾಡಲಿಲ್ಲ. ಆ ಮರ ತಾತ ನೆಟ್ಟಿದ್ದು.

ಜಗಳ ಬೇಡ, ನೋಡೇಬಿಡೋಣ ಅಂತ ನಾವು ನಾಲ್ಕು ಹಳೇ ಬಕೆಟ್ ತಂದೆವು. ತಳಕ್ಕೆ ಸ್ವಲ್ಪ ಒದ್ದೆ ಮರಳು, ಮೇಲೆ ಹಣ್ಣು, ಬಾಯಿಗೆ ತೆಳು ಪಂಚೆ ಬಟ್ಟೆ. ಒಂದರಲ್ಲಿ ಮರದಿಂದಲೇ ಕಿತ್ತ ಸೀಬೆ, ಇನ್ನೊಂದರಲ್ಲಿ ನೆಲಕ್ಕೆ ಬಿದ್ದ ಸೀಬೆ, ಮೂರನೆಯದರಲ್ಲಿ ದೊಡ್ಡಪ್ಪನ ಮಾವು, ನಾಲ್ಕನೆಯದರಲ್ಲಿ ಹಿತ್ತಲ ಬಲಿತ ಬಾಳೆಕಾಯಿ.

ಮರದಿಂದ ಕಿತ್ತ ಹಣ್ಣನ್ನು ಬೇರೆ ಇಟ್ಟಿದ್ದು ಯಾಕೆಂದರೆ, ಕೊಳೆತ ಹಣ್ಣಿಗೆ ಕೆಂಪು ಕಣ್ಣಿನ ಪುಟ್ಟ ನೊಣವೂ ಬರುತ್ತದೆ. ಅದು ಕೊಳೆತದ್ದನ್ನು ತಿನ್ನಲು ಬಂದದ್ದು, ಕಳ್ಳ ಅದಲ್ಲ. ನಮ್ಮ ರೈತರು ಊಜಿ ಅನ್ನುವ ಹಣ್ಣಿನ ನೊಣವೇ ಬೇರೆ. ಅದು ಚೆನ್ನಾಗಿರುವ ಹಣ್ಣಿಗೇ ಸೂಜಿಯಂತೆ ಚುಚ್ಚಿ ಸಿಪ್ಪೆಯೊಳಗೆ ಮೊಟ್ಟೆ ಇಡುತ್ತದೆ. ಹುಳ ಒಳಗೇ ತಿಂದು ಬೆಳೆದು, ಹೊರಗೆ ಬಂದು ಮಣ್ಣು ಸೇರಿ ಕೋಶವಾಗುತ್ತದೆ.

ವಾರ ಕಳೆದ ಮೇಲೆ ಬಟ್ಟೆ ಬಿಚ್ಚಿದರೆ, ಸೀಬೆಯಿಂದ ಬಂದ ಬಿಳಿ ಹುಳಗಳು ಬಿಲ್ಲಿನಂತೆ ಬಾಗಿ ಟಪ್ ಟಪ್ ಅಂತ ಹಾರುತ್ತಿದ್ದವು. ಅಜ್ಜಿಯ ಮುಖ ಸಣ್ಣದಾಯಿತು. ಮಾವಿನ ಬಕೆಟ್ಟಿನಲ್ಲೂ ಅದೇ ಹುಳ. ಆಮೇಲೆ ಮರಳಲ್ಲಿ ಕಂದು ಕೋಶ, ಅದರಿಂದ ಹಳದಿ ಪಟ್ಟೆಯ ನೊಣ. ಬಾಳೆಕಾಯಿ ಬಕೆಟ್ಟಿನಲ್ಲಿ ಒಂದೂ ಇರಲಿಲ್ಲ.

ಹಣ್ಣಿನ ಮೇಲೆ ನೊಣ ಕೂತರೆ ಅದು ನೊಣದ ಮನೆ ಆಗುವುದಿಲ್ಲ. ಮೊಟ್ಟೆ ಹುಳವಾಗಿ, ಹುಳ ಕೋಶವಾಗಿ, ಮತ್ತೆ ಮರಿ ಮಾಡಬಲ್ಲ ನೊಣವಾಗಿ ಹೊರಬಂದರೆ ಮಾತ್ರ ಮನೆ. ಇದಕ್ಕೆ 2016ರಲ್ಲಿ ಅಂತರರಾಷ್ಟ್ರೀಯ ನಿಯಮವೇ ಬಂದಿದೆ. ಅದರಲ್ಲಿ ಹಣ್ಣು ಮೂರು ಬಗೆ: ನೊಣ ತಾನಾಗೇ ಬೆಳೆಯುವಂಥದ್ದು, ಪರೀಕ್ಷೆಗೆಂದು ಕೊಂಬೆಗೆ ಚೀಲ ಕಟ್ಟಿ ಒಳಗೆ ನೊಣ ಬಿಟ್ಟಾಗ ಮಾತ್ರ ಬೆಳೆಯುವಂಥದ್ದು, ಹಾಗೆ ಬಿಟ್ಟರೂ ಬೆಳೆಯದಂಥದ್ದು. ಹಾಗಾಗಿ ನಮ್ಮ ಒಂದು ಬಕೆಟ್ ನೋಡಿ ಬಾಳೆಕಾಯಿ ಪೂರ್ತಿ ನಿರಪರಾಧಿ ಅನ್ನುವ ಹಾಗಿಲ್ಲ. ಹಣ್ಣಾದ ಬಾಳೆಯ ಕಥೆಯೂ ಬೇರೆ.

ಇದು ಬೇಲಿ ಜಗಳಕ್ಕಷ್ಟೇ ಸೇರಿದ್ದಲ್ಲ. ಹಣ್ಣಿನ ನೊಣದ ಕಾರಣಕ್ಕೇ 2014ರ ಮೇ 1ರಿಂದ ಯುರೋಪಿಯನ್ ಒಕ್ಕೂಟ ಭಾರತದ ಮಾವನ್ನು ತಡೆದಿತ್ತು, ಜೊತೆಗೆ ಹಾಗಲ, ಪಡವಲ, ಬದನೆಯನ್ನೂ. ಮಾವಿನ ಮೇಲಿನ ತಡೆ ತೆಗೆದದ್ದು 2015ರಲ್ಲಿ.

ಬಕೆಟ್ಟುಗಳನ್ನು ದೊಡ್ಡಪ್ಪನ ಮುಂದಿಟ್ಟೆವು. "ಸೀಬೆಯಲ್ಲಿ ಹುಳ ಇರೋದು ನಿಜ ದೊಡ್ಡಪ್ಪ. ಆದರೆ ನಿಮ್ಮ ಮಾವಿನಲ್ಲೂ ಇದೆ. ಸೀಬೆ ಕಡಿದರೆ ಮಾವನ್ನೂ ಕಡೀಬೇಕಾಗುತ್ತೆ" ಅಂದೆವು. ಅವರು ತಮ್ಮ ಮರದ ಬುಡ ನೋಡಿದರು. ಬಿದ್ದ ಮಾವು ಅಲ್ಲೇ ಕೊಳೆಯುತ್ತಿತ್ತು. ಮಾವು ಮುಗಿದ ಮೇಲೆ ನೊಣ ಮಳೆಗಾಲದ ಸೀಬೆಗೆ ಹೋಗುತ್ತದೆ. ಬಿದ್ದ ಹಣ್ಣನ್ನು ಎರಡೂ ಕಡೆ ಬಿಟ್ಟರೆ ಅದರ ಸಂಸಾರಕ್ಕೆ ಬಿಡುವೇ ಇಲ್ಲ.

ಈಗ ಬಿದ್ದ ಹಣ್ಣನ್ನು ದಿನಾ ಸಂಜೆ ಇಬ್ಬರೂ ಆರಿಸುತ್ತಾರೆ. ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಡುತ್ತಾರೆ, ಇಲ್ಲವೇ ಎರಡಡಿ ಆಳಕ್ಕೆ ಹೂಳುತ್ತಾರೆ. ಹೊಲದ ಮೂಲೆಯ ತಿಪ್ಪೆಗೆ ಎಸೆದರೆ ಹುಳಕ್ಕೆ ನಾವೇ ಮಣ್ಣು ಕೊಟ್ಟಂತೆ. ಗಂಡು ನೊಣ ಹಿಡಿಯುವ ಮೋಹಕ ಬಲೆಯ ಬಗ್ಗೆ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ನಿಮ್ಮೂರಲ್ಲೂ ಯಾರಾದರೂ ಮರದ ಮೇಲೆ ತಪ್ಪು ಹೊರಿಸಿದರೆ, ಕೊಡಲಿಗಿಂತ ಮೊದಲು ಒಂದು ಬಕೆಟ್ ಇಟ್ಟು ನೋಡಿ. ಅಜ್ಜಿಯ ಸೀಬೆ ಈ ವರ್ಷವೂ ಹೂ ಬಿಟ್ಟಿದೆ.