ಹಿಟ್ಟಿನ ಡಬ್ಬಿ

ಅಕ್ಕಾರ, ಹೋದ ಆಷಾಢದಾಗ ನಮ್ಮನ್ಯಾಗ ಹಿಟ್ಟಿನ ಡಬ್ಬಿ ತಳಾ ಕಂಡಿತ್ತು. ನಮ್ಮನಿಯವರ ಕಾಲಿನ ಆಪರೇಶನ್ನಿಗೆ ಕೂಡಿಟ್ಟದ್ದೆಲ್ಲಾ ಖರ್ಚಾಗಿತ್ತು. ಪ್ರಾರ್ಥನಿಗೆ ಕುಂತ್ರ ಬಾಯಾಗ ಮಾತಽ ಬರ್ತಿದ್ದಿಲ್ಲ, ಸಿಟ್ಟು ಬರ್ತಿತ್ತು.

ಆವತ್ತು ಮುಂಜಾನೆ ಬೈಬಲ್ಲಿನ್ಯಾಗ ಚಾರೆಪ್ತದ ವಿಧವೆಯ ಕಥಿ ಬಂತು. ಬರಗಾಲದಾಗ ಎಲೀಯ ಪ್ರವಾದಿಗೆ ರೊಟ್ಟಿ ಮಾಡಿ ಕೊಟ್ಟಾಕಿ. ಆಕಿ ಮಡಕಿಯೊಳಗಿನ ಹಿಟ್ಟು, ಕುಡಿಕಿಯೊಳಗಿನ ಎಣ್ಣಿ ಮಳಿ ಬರೋತನಕ ತೀರಲಿಲ್ಲ. "ಅದು ಆಗಿನ ಕಾಲ" ಅಂತ ಪುಸ್ತಕ ಮುಚ್ಚಿದೆ.

ಸಂಜಿಮುಂದ ಬಾಜೂಮನಿ ಅಜ್ಜಿ ಬೋಗುಣಿ ತುಂಬ ಜೋಳದ ಹಿಟ್ಟು ತಂದ್ರು. ದಿನಾ ಲಿಂಗಪೂಜಿ ಮಾಡೋರು. "ಗಿರಣಿಗೆ ಹೋಗಿದ್ದೆ, ಹೆಚ್ಚಾಗೇತಿ, ತಗೋಳವ್ವಾ" ಅಂದ್ರು. ಹೆಚ್ಚಾಗಿದ್ದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ನನ್ನ ಮಾನ ಉಳಿಲಿ ಅಂತ ಆ ಮಾತು.

ರೊಟ್ಟಿ ಬಡೀತಾ ನೆನಪಾತು. ಚಾರೆಪ್ತದಾಕಿ ಇಸ್ರಾಯೇಲಿನಾಕಿ ಅಲ್ಲ, ಚೀದೋನಿನ ಕಡಿಯಾಕಿ. ದೇವರು ಪ್ರವಾದಿನ್ನ ಪರರ ಮನಿಗೇ ಕಳಿಸಿದ್ದ. ಆಕಿ ಮಡಕಿನೂ ತುಂಬಿ ಚೆಲ್ಲಲಿಲ್ಲ, ದಿನದ್ದು ದಿನಕ್ಕ ಸಾಕಾತು. ನಮಗೂ ಹಂಗಽ ಆತು.

ಬೋಗುಣಿ ಖಾಲಿ ಕಳಸಬಾರದಲ್ಲಾ, ಹಿತ್ತಲದ ನಾಕು ನುಗ್ಗಿಕಾಯಿ ಇಟ್ಟು ಕೊಟ್ಟೆ. ರಾತ್ರಿ ಪ್ರಾರ್ಥನಿಗೆ ಕುಂತಾಗ ಮೊದಲು ಅಜ್ಜಿ ಹೆಸರಽ ಬಾಯಾಗ ಬಂತು.